ಪಾಪೆ, ನಾಡಿ, ಬೆವರು: ಇಂದ್ರಿಯಗಳೂ ಸ್ವಾಯತ್ತ ನರಮಂಡಲವೂ

ಪಕ್ಕದಲ್ಲಿ ಕುಳಿತವರು ಒಪ್ಪಿದರೆ ಅವರ ಕಣ್ಣನ್ನೊಮ್ಮೆ ಹತ್ತಿರದಿಂದ ನೋಡಿ. ಅವರು ಎರಡೂ ಕಣ್ಣುಗಳನ್ನು ಅಂಗೈಗಳಿಂದ ಮುಚ್ಚಿಕೊಂಡು, ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ, ಒಂದು ಕೈಯನ್ನು ಮಾತ್ರ ಸರಕ್ಕನೆ ತೆಗೆಯಲಿ. ನಮ್ಮವರ ಕಡುಕಂದು ಕಣ್ಣುಗಳಲ್ಲಿ ಪಾಪೆಯ ಅಂಚು ಬೇಗ ಗೊತ್ತಾಗುವುದಿಲ್ಲ. ಆದ್ದರಿಂದ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತವರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬೆಳಕು ಬಿದ್ದು ಕಾಲು ಸೆಕೆಂಡು ಕಳೆಯುವಷ್ಟರಲ್ಲಿ ಪಾಪೆ ಕಿರಿದಾಗತೊಡಗುತ್ತದೆ. ಹಾಗೆ ಮಾಡೆಂದು ಯಾರೂ ಅದಕ್ಕೆ ಹೇಳಲಿಲ್ಲ, ಬೇಡವೆಂದರೂ ಅದು ಕೇಳುವುದಿಲ್ಲ. ಟಾರ್ಚಿನ ಬೆಳಕನ್ನು ಒಂದೇ ಕಣ್ಣಿಗೆ ಬಿಟ್ಟರೂ ಎರಡೂ ಪಾಪೆಗಳು ಒಟ್ಟಿಗೆ ಕಿರಿದಾಗುತ್ತವೆ. ಅಪಘಾತದಲ್ಲಿ ಪ್ರಜ್ಞೆ ತಪ್ಪಿದವರನ್ನು ಆಸ್ಪತ್ರೆಗೆ ತಂದಾಗ ವೈದ್ಯರು ರೆಪ್ಪೆ ಎತ್ತಿ ಟಾರ್ಚ್ ಬಿಡುವುದು ಇದನ್ನು ನೋಡುವುದಕ್ಕಾಗಿಯೇ.

ಈ ಪುಟ್ಟ ಚಲನೆಯ ದಾರಿಯನ್ನು ಹಿಡಿದು ಸ್ವಲ್ಪ ದೂರ ಹೋಗೋಣ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದಿಂದ ಹೊರಟ ಸುದ್ದಿ ದೃಷ್ಟಿನರದ ಮೂಲಕ ನಡುಮಿದುಳಿಗೆ ಬಂದು, ಅಲ್ಲಿ ಎರಡೂ ಬದಿಗೆ ಹಂಚಿಹೋಗಿ, ಮೂರನೆಯ ಕಪಾಲ ನರದೊಳಗೆ ಸೇರಿ ಹಿಂದಿರುಗುತ್ತದೆ. ಪಾಪೆಯ ಸುತ್ತ ಬಳೆಯಂತಿರುವ ಸ್ನಾಯುವನ್ನು ಬಿಗಿಗೊಳಿಸುತ್ತದೆ. ಹೋಗುವ ದಾರಿ ಇಂದ್ರಿಯದ್ದು, ಬರುವ ದಾರಿ, ನಮ್ಮ ಇಚ್ಛೆಗೆ ಕಾಯದೆ ಒಳಗಿನ ಅಂಗಗಳನ್ನು ನಡೆಸುವ ಸ್ವಾಯತ್ತ ನರಮಂಡಲದ ಪ್ಯಾರಾಸಿಂಪಥೆಟಿಕ್ ವಿಭಾಗದ್ದು. ಪಾಪೆಯನ್ನು ಹಿಗ್ಗಿಸುವುದಕ್ಕೆ ಬೇರೆಯೇ ಸ್ನಾಯುವಿದ್ದು, ಅದು ಸಿಂಪಥೆಟಿಕ್ ವಿಭಾಗದ ಮಾತು ಕೇಳುತ್ತದೆ. ಆ ಆಜ್ಞೆ ಬರುವ ದಾರಿಯಂತೂ ಬಹಳ ಸುತ್ತಿನದು. ಅದು ಮಿದುಳಿನಿಂದ ಇಳಿದು, ಎದೆಯ ಮಟ್ಟದಲ್ಲಿ ಮಿದುಳುಬಳ್ಳಿಯಿಂದ ಹೊರಬಿದ್ದು, ಶ್ವಾಸಕೋಶದ ನೆತ್ತಿಯನ್ನು ಸವರಿಕೊಂಡು, ಕತ್ತಿನ ಅಪಧಮನಿಯ ಜೊತೆಗೆ ಮತ್ತೆ ಮೇಲೇರಿ ಕಣ್ಣನ್ನು ಮುಟ್ಟುತ್ತದೆ. ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಬೆಳೆದವರಲ್ಲಿ ಕೆಲವರಿಗೆ ಆ ಬದಿಯ ಪಾಪೆ ಕಿರಿದಾಗಿ ರೆಪ್ಪೆ ಇಳಿಬೀಳುವುದು ಈ ಕಾರಣಕ್ಕೆ. ಎದೆಯೊಳಗಿನ ರೋಗದ ಸುಳಿವು ಕಣ್ಣಿನಲ್ಲಿ ಸಿಕ್ಕಂತಾಯಿತು.

ರೆಟಿನಾದಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ಸುಮಾರು 12 ಕೋಟಿ ದಂಡಕೋಶಗಳೂ ಬಣ್ಣ ಗುರುತಿಸುವ ಸುಮಾರು 60 ಲಕ್ಷ ಶಂಕುಕೋಶಗಳೂ ಇವೆಯೆಂದು ನೀವು ಓದಿರುತ್ತೀರಿ. ಈ ಎರಡು ಬಗೆಯ ಕೋಶಗಳೂ ಕೆಟ್ಟು ಏನೂ ಕಾಣದಂತಾದ ಕೆಲವರಲ್ಲಿಯೂ ಬೆಳಕು ಬಿದ್ದಾಗ ಪಾಪೆ ಕಿರಿದಾಗುವುದುಂಟು. ಇದರ ಗುಟ್ಟು ಬಿಡಿಸಿಕೊಂಡದ್ದು 2002ರ ಸುಮಾರಿಗೆ. ರೆಟಿನಾದಿಂದ ಮಿದುಳಿಗೆ ತಂತು ಕಳಿಸುವ ಕೋಶಗಳಲ್ಲೇ ಕೆಲವು, ಮೆಲನಾಪ್ಸಿನ್ ಎಂಬ ವರ್ಣದ್ರವ್ಯದ ನೆರವಿನಿಂದ, ತಾವೇ ಬೆಳಕನ್ನು ಗ್ರಹಿಸುತ್ತವೆ. ಇವುಗಳ ಕೆಲಸ ಚಿತ್ರ ಕಾಣಿಸುವುದಲ್ಲ, ಬೆಳಕು ಎಷ್ಟಿದೆಯೆಂದು ತಿಳಿಸುವುದು. ಆ ಸುದ್ದಿ ಪಾಪೆಗೂ ಹೋಗುತ್ತದೆ, ನಿದ್ದೆ ಎಚ್ಚರಗಳ ದಿನಚರಿಯನ್ನು ನಡೆಸುವ, ಹೈಪೊಥಲಾಮಸ್ ಎಂಬ ಮಿದುಳಿನ ಭಾಗಕ್ಕೂ ಹೋಗುತ್ತದೆ. ಕಣ್ಣೆಂದರೆ ನೋಡುವುದಕ್ಕೆ ಎಂದು ನಾವು ತಿಳಿದಿದ್ದೇವೆ. ಅದೇ ಕಣ್ಣಿನ ಒಂದು ಭಾಗ ನೋಟಕ್ಕೆ ಸಂಬಂಧವೇ ಇಲ್ಲದೆ ದೇಹದ ಒಳಾಡಳಿತಕ್ಕೆ ವರದಿ ಒಪ್ಪಿಸುತ್ತಿರುತ್ತದೆ.

ನನ್ನ ಇವತ್ತಿನ ಮಾತಿನ ತಿರುಳು ಇದೇ. ನಮ್ಮ ಪಠ್ಯಪುಸ್ತಕಗಳಲ್ಲಿ ಜ್ಞಾನೇಂದ್ರಿಯಗಳು ಒಂದು ಅಧ್ಯಾಯ, ಸ್ವಾಯತ್ತ ನರಮಂಡಲ ಇನ್ನೊಂದು ಅಧ್ಯಾಯ. ನಡುವೆ ಎಷ್ಟೋ ಪುಟಗಳ ಅಂತರ. ದೇಹದಲ್ಲಿ ಆ ಅಂತರವಿಲ್ಲ. ಸ್ವಾಯತ್ತ ನರಮಂಡಲ ಇಡುವ ಒಂದೊಂದು ಹೆಜ್ಜೆಯ ಹಿಂದೆಯೂ ಯಾವುದೋ ಒಂದು ಸಂವೇದನೆ ಇರುತ್ತದೆ, ಮತ್ತು ಆ ಸಂವೇದನೆಗಳಲ್ಲಿ ಬಹುಪಾಲು ನಮ್ಮ ಅರಿವಿಗೆ ಬರುವುದೇ ಇಲ್ಲ. ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1898ರಲ್ಲಿ ಈ ನರಮಂಡಲಕ್ಕೆ ಈಗಿನ ಹೆಸರು ಕೊಟ್ಟಾಗ ಅವರ ಗಮನವಿದ್ದದ್ದು ಹೊರಹೋಗುವ ಆಜ್ಞೆಗಳ ಮೇಲೆ. ಒಳಬರುವ ಸುದ್ದಿಗಳ ಗಾತ್ರ ಎಷ್ಟು ದೊಡ್ಡದೆಂಬುದು ಆಮೇಲೆ ತಿಳಿಯಿತು. ಮಿದುಳುಕಾಂಡದಿಂದ ಹೊಟ್ಟೆಯವರೆಗೆ ಹಬ್ಬಿರುವ ವೇಗಸ್ ನರದ ತಂತುಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಂಗಗಳಿಂದ ಮಿದುಳಿಗೆ ಸುದ್ದಿ ತರುವಂಥವು. ರಕ್ತದ ಒತ್ತಡ, ರಕ್ತದಲ್ಲಿನ ಆಮ್ಲಜನಕ, ಜಠರ ಎಷ್ಟು ಹಿಗ್ಗಿದೆ, ಮೂತ್ರಕೋಶ ಎಷ್ಟು ತುಂಬಿದೆ, ಇವೆಲ್ಲವನ್ನೂ ಅಳೆಯುವ ಗ್ರಾಹಕಗಳು ನಮ್ಮೊಳಗಿವೆ. ಇಂದ್ರಿಯಗಳು ಐದು ಎಂಬುದು ಶಾಲೆಯ ಲೆಕ್ಕ.

ಇನ್ನು ಕುರ್ಚಿಯಿಂದ ಏಳುವ ವಿಷಯಕ್ಕೆ ಬರುತ್ತೇನೆ. ಕುಳಿತವರು ಅಥವಾ ಮಲಗಿದವರು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಮಿಕ್ಕಿದ ರಕ್ತ ಕಾಲುಗಳಿಗೂ ಕಿಬ್ಬೊಟ್ಟೆಗೂ ಇಳಿದುಬಿಡುತ್ತದೆ. ಹೃದಯಕ್ಕೆ ಮರಳುವ ರಕ್ತ ಅಷ್ಟು ಕಡಿಮೆಯಾಗುತ್ತದೆ, ಮಿದುಳಿಗೆ ಏರುವ ರಕ್ತದ ಒತ್ತಡವೂ ಕುಸಿಯಬೇಕು. ಹಾಗಿದ್ದೂ ನಾವು ದಿನಕ್ಕೆ ಎಷ್ಟೋ ಸಲ ಎದ್ದು ಕೂತು ಮಾಡುತ್ತೇವೆ, ತಲೆ ತಿರುಗಿ ಬೀಳುವುದಿಲ್ಲ. ದವಡೆಯ ಕೆಳಗೆ, ಕತ್ತಿನ ಅಪಧಮನಿ ಎರಡಾಗಿ ಕವಲೊಡೆಯುವ ಜಾಗದಲ್ಲಿ ಅದರ ಗೋಡೆ ಸ್ವಲ್ಪ ಉಬ್ಬಿರುತ್ತದೆ. ಆ ಗೋಡೆಯೊಳಗಿನ ನರತುದಿಗಳು ಪ್ರತಿ ಬಡಿತಕ್ಕೂ ಗೋಡೆ ಎಷ್ಟು ಹಿಗ್ಗಿತೆಂದು ಗಮನಿಸುತ್ತವೆ. ಮಹಾಪಧಮನಿಯ ಬಾಗಿನಲ್ಲಿಯೂ ಇಂಥವೇ ಇವೆ. ಹಿಗ್ಗುವಿಕೆ ಕಡಿಮೆಯಾದರೆ ಮಿದುಳುಕಾಂಡಕ್ಕೆ ಹೋಗುವ ಸಂಕೇತಗಳು ವಿರಳವಾಗುತ್ತವೆ. ಅಲ್ಲಿಂದ ಮರುಗಳಿಗೆಯಲ್ಲೇ ಉತ್ತರ ಹೊರಡುತ್ತದೆ: ಹೃದಯ ವೇಗವಾಗಿ ಬಡಿಯುತ್ತದೆ, ಕಾಲು ಮತ್ತು ಹೊಟ್ಟೆಯ ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಮೊದಲಿನ ಮಟ್ಟಕ್ಕೆ ಬರುತ್ತದೆ. ಇಷ್ಟೂ ಕೆಲವೇ ಸೆಕೆಂಡುಗಳ ಕೆಲಸ. ಕತ್ತಿನ ಆ ಜಾಗವನ್ನು ಕುತೂಹಲಕ್ಕೆಂದು ಒತ್ತಿ ನೋಡಬೇಡಿ. ಎರಡೂ ಬದಿ ಒಟ್ಟಿಗೆ ಒತ್ತುವುದಂತೂ ಕೂಡದು. ಒತ್ತಡ ಏರಿತೆಂದು ತಪ್ಪಾಗಿ ತಿಳಿದ ಮಿದುಳು ಹೃದಯದ ಬಡಿತವನ್ನು ಇಳಿಸಿಬಿಡಬಹುದು.

ಈ ವ್ಯವಸ್ಥೆ ಮಂದವಾದಾಗ ಏನಾಗುತ್ತದೆಂದು ವಯಸ್ಸಾದವರಿರುವ ಮನೆಗಳಲ್ಲಿ ಗೊತ್ತಿರುತ್ತದೆ. ರಾತ್ರಿ ಮೂತ್ರಕ್ಕೆಂದು ಹಾಸಿಗೆಯಿಂದ ದಡಕ್ಕನೆ ಎದ್ದ ಹಿರಿಯರಿಗೆ ಕಣ್ಣು ಕತ್ತಲೆಗಟ್ಟಿ, ಬಚ್ಚಲ ಬಾಗಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20, ಅಥವಾ ಕೆಳಗಿನದು 10 ಮಿಲಿಮೀಟರಿನಷ್ಟು ಇಳಿದರೆ ಅದನ್ನು ರೋಗಲಕ್ಷಣವೆಂದೇ ಎಣಿಸುತ್ತಾರೆ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು, ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು ರಕ್ತನಾಳಗಳು ಬಿಗಿಯದಂತೆ ತಡೆಯುವುದರಿಂದ ಈ ಕುಸಿತವನ್ನು ಹೆಚ್ಚಿಸುತ್ತವೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳುವುದರಲ್ಲಿ ನಷ್ಟವೇನೂ ಇಲ್ಲ.

ಈಗ ನಿಮ್ಮದೇ ನಾಡಿ ಹಿಡಿದುಕೊಳ್ಳಿ. ಹೆಬ್ಬೆರಳಿನ ಬುಡದ ಕಡೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ನಿಧಾನಕ್ಕೆ ಉಸಿರೆಳೆದುಕೊಳ್ಳಿ, ಇನ್ನೂ ನಿಧಾನಕ್ಕೆ ಬಿಡಿ. ಗಮನವಿಟ್ಟರೆ, ಉಸಿರೆಳೆಯುವಾಗ ಬಡಿತಗಳು ಹತ್ತಿರ ಹತ್ತಿರ ಬರುವುದೂ ಬಿಡುವಾಗ ದೂರ ಸರಿಯುವುದೂ ಬೆರಳಿಗೆ ಸಿಗುತ್ತದೆ. ಮುಂದಿನ ಸಾಲಿನ ಕಾಲೇಜು ಹುಡುಗರಿಗೆ ಇದು ಚೆನ್ನಾಗಿ ಸಿಗುತ್ತದೆ, ನನ್ನ ವಯಸ್ಸಿನವರಿಗೆ ಅಷ್ಟಾಗಿ ಸಿಗುವುದಿಲ್ಲ. ಹೃದಯದ ಬಡಿತ ಹುಟ್ಟುವುದು ಹೃದಯದಲ್ಲೇ. ಯಾವ ನರದ ಸಂಪರ್ಕವೂ ಇಲ್ಲದೆ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು ನೂರು ಸಲ ಬಡಿದುಕೊಳ್ಳುತ್ತದೆ. ನರಗಳನ್ನು ಕತ್ತರಿಸಿ ಬೇರೊಬ್ಬರಿಗೆ ಕಸಿ ಮಾಡಿದ ಹೃದಯದ ವೇಗ ಇದರ ಆಸುಪಾಸಿನಲ್ಲೇ ಇರುತ್ತದೆ. ಸುಮ್ಮನೆ ಕುಳಿತ ನಿಮ್ಮ ನಾಡಿ ಎಪ್ಪತ್ತು ಇದ್ದರೆ, ವೇಗಸ್ ನರ ಇಳಿಜಾರಿನಲ್ಲಿ ಬ್ರೇಕ್ ಮೆಟ್ಟಿಕೊಂಡೇ ಗಾಡಿ ಓಡಿಸುವವನ ಹಾಗೆ ಹೃದಯವನ್ನು ಹಿಡಿದಿಟ್ಟಿದೆ ಎಂದರ್ಥ. ಉಸಿರೆಳೆಯುವಾಗ ಆ ಹಿಡಿತ ಕೊಂಚ ಸಡಿಲುತ್ತದೆ, ಬಿಡುವಾಗ ಮತ್ತೆ ಬಿಗಿಯುತ್ತದೆ. ಮೆಟ್ಟಿಲು ಹತ್ತಲು ಶುರು ಮಾಡಿದಾಗ ಮೊದಮೊದಲು ನಾಡಿ ಏರುವುದಕ್ಕೆ ಮುಖ್ಯ ಕಾರಣ ಈ ಹಿಡಿತ ಸಡಿಲಾಗುವುದು. ಸಿಂಪಥೆಟಿಕ್ ನರಗಳ ಒತ್ತಾಸೆ ಅದರ ಹಿಂದೆ ನಿಧಾನವಾಗಿ ಬರುತ್ತದೆ.

ನರವು ಹೃದಯಕ್ಕೆ ಈ ಮಾತನ್ನು ಹೇಗೆ ತಲುಪಿಸುತ್ತದೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದು ದೊಡ್ಡ ಜಗಳದ ವಿಷಯವಾಗಿತ್ತು: ವಿದ್ಯುತ್ತಿನಿಂದಲೋ, ರಾಸಾಯನಿಕದಿಂದಲೋ? ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿದ್ದ ಓಟೊ ಲೋವಿ ಅವರಿಗೆ ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದು ಹೊಳೆಯಿತು, ಎದ್ದು ಚೀಟಿಯ ಮೇಲೆ ಗೀಚಿಟ್ಟು ಮಲಗಿದರು, ಬೆಳಿಗ್ಗೆ ಆ ಬರಹ ಅವರಿಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬಂದಾಗ ನೇರವಾಗಿ ಪ್ರಯೋಗಾಲಯಕ್ಕೆ ನಡೆದರಂತೆ. ಇದು ಅವರೇ ಮುಂದೆ ಹೇಳಿಕೊಂಡ ಕಥೆ. ಪ್ರಯೋಗ ಮಾತ್ರ ಬಹಳ ಸರಳ. ಎರಡು ಕಪ್ಪೆಗಳ ಹೃದಯಗಳನ್ನು ಲವಣದ್ರಾವಣದಲ್ಲಿ ಬಡಿಯುವಂತೆ ಇಟ್ಟು, ಮೊದಲನೆಯದರ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದೊಳಗಿನ ದ್ರಾವಣವನ್ನು ತೆಗೆದು, ನರವನ್ನೇ ತೆಗೆದಿದ್ದ ಎರಡನೆಯ ಹೃದಯಕ್ಕೆ ಹಾಕಿದರೆ ಅದೂ ನಿಧಾನವಾಯಿತು. ಅಂದಮೇಲೆ ನರದ ತುದಿಯಿಂದ ಯಾವುದೋ ವಸ್ತು ಒಸರಿ ದ್ರಾವಣಕ್ಕೆ ಸೇರಿರಲೇಬೇಕು. 1921ರಲ್ಲಿ ಪ್ರಕಟವಾದ ಈ ಕೆಲಸಕ್ಕಾಗಿ 1936ರಲ್ಲಿ ಲೋವಿ ಅವರಿಗೂ, ಬ್ರಿಟನ್ನಿನ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಂತು. ಎರಡೇ ವರ್ಷದಲ್ಲಿ ನಾಜಿಗಳು ಯಹೂದಿಯಾದ ಲೋವಿ ಅವರನ್ನು ಬಂಧಿಸಿ, ಆ ಬಹುಮಾನದ ಹಣವನ್ನೂ ಕಸಿದುಕೊಂಡೇ ದೇಶ ಬಿಡಲು ಬಿಟ್ಟರು.

ಆ ವಸ್ತುವೇ ಅಸಿಟೈಲ್‌ಕೋಲಿನ್. ನಮ್ಮ ಹಳ್ಳಿಗಳಲ್ಲಿ ಇದರ ಹೆಸರು ಕೇಳದವರೂ ಇದರ ಪ್ರತಾಪ ಕಂಡಿದ್ದಾರೆ. ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಅಸಿಟೈಲ್‌ಕೋಲಿನನ್ನು ಒಡೆದುಹಾಕುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಅದು ನರತುದಿಗಳಲ್ಲಿ ಕೂಡಿಕೊಳ್ಳುತ್ತಲೇ ಹೋಗುತ್ತದೆ. ವಿಷ ಸೇರಿದವರ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಾಯಿಂದ ಜೊಲ್ಲು, ಕಣ್ಣಿಂದ ನೀರು ಸುರಿಯುತ್ತದೆ, ಶ್ವಾಸನಾಳಗಳಲ್ಲಿ ದ್ರವ ತುಂಬಿ ಉಸಿರು ಗೊರಗುಡುತ್ತದೆ, ಭೇದಿಯಾಗುತ್ತದೆ, ನಾಡಿ ನಿಧಾನವಾಗುತ್ತದೆ. ಮೈಯೆಲ್ಲ ಬೆವರುವುದೂ ಉಂಟು. ಬೆವರಿನ ಗ್ರಂಥಿಗಳು ಸಿಂಪಥೆಟಿಕ್ ವಿಭಾಗಕ್ಕೆ ಸೇರಿದ್ದರೂ ಅವುಗಳಿಗೆ ಆಜ್ಞೆ ತಲುಪುವುದು ಅಸಿಟೈಲ್‌ಕೋಲಿನ್ ಮೂಲಕವೇ. ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳನ್ನು ಎಡವಿಸುವ ಅಪವಾದ ಇದು. ಚಿಕಿತ್ಸೆಗೆ ಕೊಡುವ ಅಟ್ರೊಪಿನ್ ಈ ವಸ್ತುವಿನ ದಾರಿಗೆ ಅಡ್ಡ ನಿಲ್ಲುತ್ತದೆ. ಅದೇ ಅಟ್ರೊಪಿನ್ ಬೇಲಿಬದಿಯ ಉಮ್ಮತ್ತಿ ಗಿಡದಲ್ಲಿಯೂ ಇದೆ, ಹಾಗಾಗಿ ಉಮ್ಮತ್ತಿ ಕಾಯಿ ತಿಂದ ಮಕ್ಕಳ ಲಕ್ಷಣಗಳು ಇದರ ತದ್ವಿರುದ್ಧ: ಅಗಲವಾದ ಪಾಪೆ, ಒಣಗಿದ ಬಾಯಿ, ಬೆವರಿಲ್ಲದ ಬಿಸಿ ಮೈ, ಓಡುವ ನಾಡಿ, ಬಡಬಡಿಕೆ. ಒಂದಕ್ಕೆ ಇನ್ನೊಂದು ಮದ್ದೆಂದು ಮನೆಯಲ್ಲಿ ಯಾರೂ ಪ್ರಯೋಗ ಮಾಡಬಾರದು, ಗಿಡದಲ್ಲಿ ಎಷ್ಟು ವಿಷವಿದೆಯೆಂದು ಅಳೆಯಲಾಗದು. ಔಷಧಿ ಹೊಡೆಯುವಾಗ ಮೈಮೇಲೆ ಚೆಲ್ಲಿಕೊಂಡರೆ ಬಟ್ಟೆ ಕಳಚಿ, ಸೋಪು ಹಚ್ಚಿ ಚೆನ್ನಾಗಿ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಬೇಕು. ಈ ವಿಷ ಚರ್ಮದ ಮೂಲಕವೂ ಇಳಿಯುತ್ತದೆ.

ನಾಲಿಗೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಖಾರ ಒಂದು ರುಚಿಯಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅಂಟಿಕೊಳ್ಳುವ ಗ್ರಾಹಕ ನಿಜವಾಗಿ ಇರುವುದು ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಸುಡುಬಿಸಿಯನ್ನು ಗುರುತಿಸುವುದಕ್ಕೆ. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಗುರುತಿಸಿತು, 2021ರ ನೊಬೆಲಿನಲ್ಲಿ ಅವರಿಗೂ ಪಾಲು ಸಿಕ್ಕಿತು. ಬಾಯಿ ಸುಡುತ್ತಿದೆಯೆಂಬ ಸುದ್ದಿ ಸುಳ್ಳಾದರೂ ಮಿದುಳು ಅದನ್ನು ನಂಬುತ್ತದೆ, ಆದ್ದರಿಂದಲೇ ಖಾರದ ಚಟ್ನಿ ತಿಂದವರ ಹಣೆ, ನೆತ್ತಿ ಬೆವರುವುದು, ಮೂಗು ಸೋರುವುದು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಕ್ಯಾಪ್ಸೈಸಿನ್ ಕಡಿಮೆ. ಸಾರು ಕೆಂಪಗೆ ಕಂಡರೂ ಬೆವರು ಬರುವುದಿಲ್ಲ. ಬೆವರಿನ ಗ್ರಂಥಿಗೆ ಬೇಕಾದದ್ದು ನಾಲಿಗೆಯ ವರದಿಯೇ ಹೊರತು ಕಣ್ಣಿನದಲ್ಲ. ಜೊಲ್ಲಿನ ಗ್ರಂಥಿ ಮಾತ್ರ ಎಲ್ಲರ ಮಾತನ್ನೂ ಕೇಳುತ್ತದೆ. ನಾನು ಈಗ ಮಾವಿನ ಮಿಡಿ ಉಪ್ಪಿನಕಾಯಿ ಎಂದು ಹೇಳಿದರೆ ಸಾಕು, ಯಾರ ನಾಲಿಗೆಗೂ ಏನೂ ತಾಗದಿದ್ದರೂ ನಿಮ್ಮಲ್ಲಿ ಅನೇಕರ ಬಾಯಲ್ಲಿ ನೀರೂರಿರುತ್ತದೆ.

ಇಂದ್ರಿಯಗಳು ಒಂದಕ್ಕೊಂದು ವಿರುದ್ಧವಾಗಿ ಸಾಕ್ಷಿ ಹೇಳಿದರೆ ಸ್ವಾಯತ್ತ ನರಮಂಡಲ ಏನು ಮಾಡುತ್ತದೆಂಬುದಕ್ಕೆ ಚಾರ್ಮಾಡಿ, ಆಗುಂಬೆಯ ಘಾಟಿಗಳಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಡ. ಬಸ್ಸಿನಲ್ಲಿ ಕುಳಿತು ಮೊಬೈಲ್ ನೋಡುತ್ತಿರುವವರ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ, ಒಳಕಿವಿಯ ಅರ್ಧವೃತ್ತ ನಾಳಗಳು ತಲೆ ತಿರುಗುತ್ತಿದೆ ಎನ್ನುತ್ತವೆ. ಫಲವಾಗಿ ಮುಖ ಬಿಳಿಚುತ್ತದೆ, ತಣ್ಣನೆಯ ಬೆವರು ಬರುತ್ತದೆ, ಬಾಯಲ್ಲಿ ನೀರು ತುಂಬುತ್ತದೆ, ಕೊನೆಗೆ ಕಿಟಕಿ ತೆರೆಯಬೇಕಾಗುತ್ತದೆ. ತಿರುವು ಬರುವ ಮೊದಲೇ ಅದನ್ನು ನಿರೀಕ್ಷಿಸುವ ಚಾಲಕರಿಗೆ ಇದು ಬಹಳ ಅಪರೂಪ. ಎರಡೂ ಒಳಕಿವಿಗಳ ಈ ಭಾಗ ಪೂರ್ತಿ ಕೆಟ್ಟವರಿಗೆ ಪ್ರಯಾಣದ ವಾಂತಿ ಬರುವುದೇ ಇಲ್ಲ.

ಇನ್ನು ಭಯ. ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರಲ್ಲಿ ‘ಹೋರಾಡು ಇಲ್ಲವೇ ಓಡು’ ಎಂಬ ವಿವರಣೆ ಕೊಟ್ಟ ಮೇಲೆ, ಸಿಂಪಥೆಟಿಕ್ ಎಂದರೆ ಅಪಾಯಕ್ಕೆ, ಪ್ಯಾರಾಸಿಂಪಥೆಟಿಕ್ ಎಂದರೆ ವಿಶ್ರಾಂತಿಗೆ ಎಂಬ ಹಂಚಿಕೆ ಎಲ್ಲರ ಬಾಯಲ್ಲೂ ನಿಂತಿದೆ. ಹಾವು ಕಂಡಾಗ ಎದೆ ಹೊಡೆದುಕೊಂಡು, ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಸುರಿದು, ಮೈ ಜುಂ ಎನ್ನುವುದು ನಿಜ. ಆದರೆ ಈ ಹಂಚಿಕೆ ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ. ಈಗ ನೀವು ನೆಮ್ಮದಿಯಾಗಿ ಕುಳಿತಿರುವಾಗಲೂ ನಿಮ್ಮ ರಕ್ತನಾಳಗಳನ್ನು ತಕ್ಕಷ್ಟು ಬಿಗಿಯಾಗಿ ಇಟ್ಟಿರುವುದು ಸಿಂಪಥೆಟಿಕ್ ನರಗಳೇ. ಇತ್ತ ಸೂಜಿ ಅಥವಾ ರಕ್ತ ಕಂಡು ಬವಳಿ ಬಂದು ಬೀಳುವವರನ್ನು ನೋಡಿ: ಹೆದರಿಕೆಯಲ್ಲೇ ಅವರ ವೇಗಸ್ ನರ ಹೃದಯವನ್ನು ವಿಪರೀತ ನಿಧಾನಗೊಳಿಸುತ್ತದೆ, ರಕ್ತನಾಳಗಳು ಸಡಿಲಾಗುತ್ತವೆ, ಒತ್ತಡ ಕುಸಿಯುತ್ತದೆ. ಅಂಥವರನ್ನು ಸುತ್ತಲಿನವರು ಎತ್ತಿ ಕುರ್ಚಿಯಲ್ಲಿ ಕೂರಿಸಿ ನೀರು ಕುಡಿಸಲು ಹೋಗುತ್ತಾರೆ, ಅದು ತಪ್ಪು. ಮಿದುಳಿಗೆ ರಕ್ತ ಬೇಕಾಗಿದೆ. ಅಂಗಾತ ಮಲಗಿಸಿ ಕಾಲುಗಳನ್ನು ಮೇಲೆತ್ತಿ ಹಿಡಿಯಬೇಕು. ವೇಗಸ್ ನರವನ್ನು ಚುರುಕುಗೊಳಿಸಿದರೆ ಎಲ್ಲ ಕಾಯಿಲೆಯೂ ಹೋಗುತ್ತದೆಂದು ಮೊಬೈಲಿನಲ್ಲಿ ಬರುವ ವಿಡಿಯೊಗಳನ್ನು ಕಂಡಾಗ ನನಗೆ ಈ ಬವಳಿಯ ನೆನಪಾಗುತ್ತದೆ.

ಬೆವರು, ರೋಮಾಂಚ, ಬಿಳಿಚಿದ ಮುಖ, ಕಣ್ಣೀರು, ಈ ನಾಲ್ಕೂ ನಮ್ಮ ನಾಟ್ಯಶಾಸ್ತ್ರದ ಎಂಟು ಸಾತ್ತ್ವಿಕ ಭಾವಗಳ ಪಟ್ಟಿಯಲ್ಲಿವೆ. ಕೈ, ಕತ್ತು, ಹುಬ್ಬುಗಳ ಅಭಿನಯದಿಂದ ಇವನ್ನು ಬೇರೆಯಾಗಿ ಇಟ್ಟದ್ದರಲ್ಲಿ ಸೂಕ್ಷ್ಮವಾದ ಗಮನವಿದೆ. ಕೈಯನ್ನು ಬೇಕೆಂದಾಗ ಎತ್ತಬಹುದು; ಬೆವರನ್ನು ಬಾ ಎಂದರೆ ಬರುವುದಿಲ್ಲ, ಮನಸ್ಸು ಆ ಸನ್ನಿವೇಶದಲ್ಲಿ ಮುಳುಗಬೇಕು. ಇದೇ ಕಾರಣದಿಂದ, ಅಂಗೈಯ ಬೆವರನ್ನೂ ನಾಡಿಯನ್ನೂ ಉಸಿರನ್ನೂ ಅಳೆದರೆ ಸುಳ್ಳು ಸಿಕ್ಕಿಬೀಳುತ್ತದೆಂಬ ನಂಬಿಕೆಯ ಮೇಲೆ ಪಾಲಿಗ್ರಾಫ್ ಯಂತ್ರ ನಿಂತಿದೆ. ಆ ಯಂತ್ರ ತೋರಿಸುವುದು ಉದ್ವೇಗವನ್ನು. ಪೊಲೀಸರ ಮುಂದೆ ಕುಳಿತ ನಿರಪರಾಧಿಯ ಅಂಗೈಯೂ ಬೆವರುತ್ತದೆ. 2010ರ ಮೇ ತಿಂಗಳಲ್ಲಿ, ಕರ್ನಾಟಕ ಸರ್ಕಾರವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಪಾಲಿಗ್ರಾಫ್ ಅಥವಾ ಮಂಪರು ಪರೀಕ್ಷೆಗೆ ಒಳಪಡಿಸಕೂಡದೆಂದು ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯಾಲಯದ ಕಾರಣಗಳು ಸಂವಿಧಾನದವು, ಶರೀರಶಾಸ್ತ್ರವೂ ಅದಕ್ಕೆ ಎದುರಾಡುವುದಿಲ್ಲ.

ಕೊನೆಯದಾಗಿ ಸಕ್ಕರೆ ಕಾಯಿಲೆಯ ವಿಷಯ, ಏಕೆಂದರೆ ಈ ಸಭೆಯಲ್ಲಿ ಅದು ಎಷ್ಟೋ ಮನೆಗಳಿಗೆ ಸಂಬಂಧಿಸಿದ್ದು. ಬಹುಕಾಲ ಹತೋಟಿಗೆ ಬಾರದ ಸಕ್ಕರೆ ಸಣ್ಣ ನರತಂತುಗಳನ್ನು ಹಾಳುಮಾಡುತ್ತದೆ. ಪಾದ ಜೋಮು ಹಿಡಿಯುವುದು, ಚಪ್ಪಲಿ ಕಳಚಿ ಬಿದ್ದರೂ ತಿಳಿಯದಿರುವುದು ಎಲ್ಲರಿಗೂ ಗೊತ್ತು. ಒಳಗಿನ ತಂತುಗಳೂ ಹೀಗೆಯೇ ಕೆಡುತ್ತವೆ. ಹೃದಯದ ನೋವನ್ನು ಮಿದುಳುಬಳ್ಳಿಗೆ ತರುವ ತಂತುಗಳು ಸಿಂಪಥೆಟಿಕ್ ನರಗಳ ಜೊತೆಗೇ ಪ್ರಯಾಣ ಮಾಡಿ, ಎಡತೋಳಿನ ಒಳಭಾಗದ ಸುದ್ದಿ ಬರುವ ಮಟ್ಟದಲ್ಲೇ ಒಳಸೇರುತ್ತವೆ. ಹೃದಯಾಘಾತದ ನೋವು ತೋಳಿಗೆ ಇಳಿದಂತೆ ಅನಿಸುವುದು ಅದರಿಂದ. ಈ ತಂತುಗಳು ಕೆಟ್ಟವರಿಗೆ ಹೃದಯಾಘಾತವಾದರೂ ಎದೆನೋವು ಬಾರದೆ ಇರಬಹುದು. ಸಕ್ಕರೆ ಕಾಯಿಲೆಯವರು ಇದ್ದಕ್ಕಿದ್ದಂತೆ ಬೆವತು, ಏದುಸಿರು ಬಿಟ್ಟು, ನಿತ್ರಾಣರಾದರೆ ನೋವಿಲ್ಲವಲ್ಲ ಎಂದು ಕಾಯಬಾರದು, ಇ.ಸಿ.ಜಿ. ಮಾಡಿಸಲೇಬೇಕು. ನರಗಳು ಕೆಡುತ್ತಿವೆಯೇ ಎಂದು ಮೊದಲೇ ತಿಳಿಯುವ ಪರೀಕ್ಷೆಗಳು ದುಬಾರಿಯವಲ್ಲ. ಒಂದು, ನೀವು ಈಗ ಮಾಡಿದ್ದೇ: ಇ.ಸಿ.ಜಿ. ಹಾಕಿಕೊಂಡು ನಿಮಿಷಕ್ಕೆ ಆರರಂತೆ ಆಳವಾಗಿ ಉಸಿರಾಡುವುದು. ಎಳೆದಾಗ, ಬಿಟ್ಟಾಗ ಬಡಿತದ ವೇಗದಲ್ಲಿ ನಿಮಿಷಕ್ಕೆ 15 ಅಥವಾ ಹೆಚ್ಚು ಬಡಿತಗಳ ವ್ಯತ್ಯಾಸವಿದ್ದರೆ ಸರಿ, 10ಕ್ಕಿಂತ ಕಡಿಮೆಯಿದ್ದರೆ ವೇಗಸ್ ನರದ ಬಗ್ಗೆ ಅನುಮಾನ ಪಡುತ್ತಾರೆ, ವಯಸ್ಸಿನ ಲೆಕ್ಕವನ್ನೂ ಸೇರಿಸಿಕೊಂಡು. ಇನ್ನೊಂದು, ಮಲಗಿಸಿ ಬಿ.ಪಿ. ನೋಡಿ, ನಿಲ್ಲಿಸಿ ಮತ್ತೆ ನೋಡುವುದು. ಜನ ಕಿಕ್ಕಿರಿದ ಹೊರರೋಗಿ ವಿಭಾಗಗಳಲ್ಲಿ ಕುಳಿತಲ್ಲೇ ಒಮ್ಮೆ ಪಟ್ಟಿ ಸುತ್ತಿ ಕಳಿಸಿಬಿಡುವುದು ರೂಢಿ. ಮನೆಯ ಹಿರಿಯರನ್ನು ಕರೆದುಕೊಂಡು ಹೋದಾಗ, ಎದ್ದು ನಿಂತ ಮೇಲೆಯೂ ಒಮ್ಮೆ ನೋಡಿ ಎಂದು ನೀವಾಗಿಯೇ ಕೇಳಿ.